ಧಾರಾವಾಹಿಯ ಮನೆಯಲ್ಲಿ ನಮ್ಮ ಮಾತಿಗೆ ಸ್ಥಾನವೆಲ್ಲಿ?

ಟೆಲಿವಿಷನ್ ಧಾರಾವಾಹಿಗಳನ್ನು ನೋಡುತ್ತೇನೆಂದು ಒಪ್ಪಿಕೊಳ್ಳುವುದು ನಮ್ಮಲ್ಲಿ ಓದುಬರಹ ಬಲ್ಲವರಿಗೆ ಸ್ವಲ್ಪ ನಾಚಿಕೆಯ ಸಂಗತಿ. "ಮನೆಯವರು ಹಾಕಿರುತ್ತಾರೆ, ಹೋಗುತ್ತ ಬರುತ್ತ ಕಣ್ಣಿಗೆ ಬೀಳುತ್ತದೆ" ಎಂದು ಹೇಳಿ ಪಾರಾಗುವವರೇ ಹೆಚ್ಚು. ನಾನು ಹಾಗೆ ಹೇಳಲಾರೆ. ಬೀದರಿನ ಚೌಬಾರಾದ ಬಳಿಯ ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಆ ಪೆಟ್ಟಿಗೆಗೆ ಚಾಲನೆ ಕೊಡುವವನು ನಾನೇ. ಮೂವತ್ತು ವರ್ಷ ಹುಡುಗರಿಗೆ ಹರಿಶ್ಚಂದ್ರ ಕಾವ್ಯದ ಕರುಣರಸವನ್ನು ವಿವರಿಸಿದ ಮೇಷ್ಟರು ಇಳಿವಯಸ್ಸಿನಲ್ಲಿ ಅತ್ತೆಸೊಸೆಯರ ಜಗಳಕ್ಕೆ ಕಣ್ಣೊರೆಸಿಕೊಳ್ಳುವುದನ್ನು ಕಂಡು ನಗುವವರು ನಗಲಿ. ಇಷ್ಟು ವರ್ಷ ನಿಷ್ಠೆಯಿಂದ ನೋಡಿದವನಿಗೆ ದೂರು ಹೇಳುವ ಹಕ್ಕೂ ಉಂಟೆಂದು ನಾನು ನಂಬಿದ್ದೇನೆ. ಅಂತಹ ಒಂದು ದೂರನ್ನೇ ಇಂದು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕು. ಕನ್ನಡದ ದೂರದರ್ಶನ ಬೆಂಗಳೂರಿನಲ್ಲಿ ಹುಟ್ಟಿ ಮೆಲ್ಲಗೆ ನಮ್ಮ ಕಡೆ ನಡೆದುಬಂದಿತೆಂದು ಅನೇಕರ ಕಲ್ಪನೆ. ನಿಜವಾಗಿ ನಡೆದುದು ಇದರ ವಿಪರ್ಯಾಸ. ೧೯೭೫ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕೆಯ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಎರಡು ಸಾವಿರದ ನಾನೂರು ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳನ್ನು ಕಳಿಸುವ ಪ್ರಯೋಗ ನಡೆಯಿತು. ಆಗ ಕನ್ನಡದ ಕಾರ್ಯಕ್ರಮಗಳು ಬಂದಿಳಿದದ್ದು ನಮ್ಮ ನೆರೆಯ ಗುಲ್ಬರ್ಗಾದ ಸೀಮೆಯ ಹಳ್ಳಿಗಳಲ್ಲಿ. ಬೆಂಗಳೂರಿನ ದೂರದರ್ಶನ ಕೇಂದ್ರ ಪ್ರಾರಂಭವಾದದ್ದು ೧೯೮೧ರಲ್ಲಿ. ಎಂದರೆ ಜೋಳದ ಹೊಲದಿಂದ ಬಂದು ಚಾವಡಿಯ ಮುಂದೆ ಕುಳಿತ ರೈತನು ಕನ್ನಡ ಮಾತನಾಡುವ ತೆರೆಯನ್ನು ರಾಜಧಾನಿಯ ಗೃಹಸ್ಥನಿಗಿಂತ ಮೊದಲೇ ಕಂಡಿದ್ದ. ನಾವು ಈ ಮನೆಗೆ ಹೊಸ ನೆಂಟರೇನೂ ಅಲ್ಲವೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಮುಂದೆ ಹಿಂದಿಯ ಕಾಲ ಬಂದಿತು. ೧೯೮೪ರಲ್ಲಿ 'ಹಮ್ ಲೋಗ್', ೧೯೮೭ರ ಜನವರಿಯಿಂದ 'ರಾಮಾಯಣ', ೧೯೮೮ರ ಅಕ್ಟೋಬರಿನಿಂದ 'ಮಹಾಭಾರತ'. ದಖನಿ ಉರ್ದುವನ್ನು ಪೇಟೆಯಲ್ಲಿ ದಿನವೂ ಆಡುವ ಬೀದರಿನವರಿಗೆ ಇವುಗಳ ಭಾಷೆ ತೊಡಕೆನಿಸಲಿಲ್ಲ. ಆದರೆ ಅರ್ಥವಾಗುವುದು ಬೇರೆ, ನಮ್ಮದೆನಿಸುವುದು ಬೇರೆ. ಆ ಎರಡನೆಯ ಸುಖ ನನಗೆ ದೊರೆತದ್ದು ೧೯೯೮ರಲ್ಲಿ, ಚಂದನ ವಾಹಿನಿಯಲ್ಲಿ 'ಮಾಯಾಮೃಗ' ಬಂದಾಗ. ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಈ ಮೂವರು ನಿರ್ದೇಶಿಸಿದ ಆ ಕಥೆಯಲ್ಲಿ ವಿಷದ ಲೋಟವನ್ನು ಅದಲು ಬದಲು ಮಾಡುವವರು ಇರಲಿಲ್ಲ. ಸಾಲ, ನೌಕರಿ, ಮಗಳ ಮದುವೆ, ಮಾತು ಕೊಟ್ಟು ತಪ್ಪಿದವರ ಸಂಕಟ, ಇಷ್ಟರಿಂದಲೇ ಕಥೆ ನಡೆಯಿತು. ಆ ಮೇಲೆ ಹೈದರಾಬಾದಿನ ರಾಮೋಜಿಯವರ ಸಂಸ್ಥೆ ೨೦೦೦ದ ಡಿಸೆಂಬರಿನಲ್ಲಿ ಆರಂಭಿಸಿದ ಈಟಿವಿ ಕನ್ನಡ ವಾಹಿನಿಯಲ್ಲಿ ಸೀತಾರಾಮರ 'ಮುಕ್ತ' ಬಂದಿತು. ಸಿ. ಎಸ್. ಪಿ. ಎಂಬ ವಕೀಲರಾಗಿ ಸ್ವತಃ ಅವರೇ ನಿಂತು ವಾದ ಮಾಡುವ ದಿನ ನಮ್ಮ ಓಣಿಯಲ್ಲಿ ಕಾನೂನು ಬಲ್ಲವರ ಸಂಖ್ಯೆ ಒಮ್ಮೆಲೇ ಏರುತ್ತಿತ್ತು. ಅದೇ ವಾಹಿನಿಗಾಗಿ ಗಿರೀಶ ಕಾಸರವಳ್ಳಿಯವರು ಭೈರಪ್ಪನವರ 'ಗೃಹಭಂಗ'ವನ್ನು ಧಾರಾವಾಹಿಯಾಗಿಸಿದರು. ತಿಪಟೂರು, ಚನ್ನರಾಯಪಟ್ಟಣಗಳ ಕಡೆಯ ಬಡ ಶಾನುಭೋಗರ ಮನೆಯ ಕಥೆಗೂ ಔರಾದಿನಲ್ಲಿ ಹುಟ್ಟಿ ಬೆಳೆದ ನನಗೂ ಏನು ಸಂಬಂಧ? ಆದರೂ ನಂಜಮ್ಮನ ಕಷ್ಟವನ್ನು ನೋಡುವಾಗ ನನ್ನ ಅವ್ವನೇ ಕಣ್ಣಮುಂದೆ ಬರುತ್ತಿದ್ದಳು. ಒಂದು ಊರಿಗೆ ಗಟ್ಟಿಯಾಗಿ ಸೇರಿದ ಕಥೆಯೇ ಬೇರೆ ಊರಿನವರನ್ನೂ ಮುಟ್ಟಬಲ್ಲದು ಎಂಬ ಮಾತಿಗೆ ನನಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರಕಿಲ್ಲ.

ಇತ್ತೀಚೆಗೆ ಹಳೆಯ ಧಾರಾವಾಹಿಗಳು ಮರಳಿ ಬರುವ ಸಂಪ್ರದಾಯವೊಂದು ಬೆಳೆದಿದೆ. ೨೦೧೮ರಲ್ಲಿ 'ಪಾಪ ಪಾಂಡು' ಹೊಸ ಬಟ್ಟೆ ತೊಟ್ಟು ಮತ್ತೆ ಬಂದ. ೨೦೨೦ರ ಮಾರ್ಚಿನಲ್ಲಿ, ಜನವೆಲ್ಲ ಬಾಗಿಲು ಹಾಕಿಕೊಂಡು ಕುಳಿತ ಆ ದಿನಗಳಲ್ಲಿ, ದೂರದರ್ಶನವು 'ರಾಮಾಯಣ'ವನ್ನು ಮತ್ತೆ ತೋರಿಸಿತು. ೨೦೨೨ರಲ್ಲಿ 'ಮತ್ತೆ ಮಾಯಾಮೃಗ' ಎಂಬ ಹೆಸರಿನಿಂದ ಹಳೆಯ ಕಥೆಯ ಮುಂದಿನ ತಲೆಮಾರು ಸಿರಿ ಕನ್ನಡ ವಾಹಿನಿಯಲ್ಲಿ ಕಾಣಿಸಿಕೊಂಡಿತು. ಈ ಕೊನೆಯದನ್ನು ನಾನು ಭಯದಿಂದಲೇ ನೋಡಲು ಕುಳಿತೆ; ಹಳೆಯ ಸ್ನೇಹಿತನನ್ನು ಬಹುಕಾಲದ ಮೇಲೆ ಕಾಣುವಾಗ ಆಗುವ ಭಯ ಅದು. ಆದರೆ ಅಲ್ಲಿ ಪಾತ್ರಗಳು ಮಾತಿಗೆ ಮುಂಚೆ ಒಂದು ಕ್ಷಣ ಯೋಚಿಸುತ್ತಿದ್ದವು, ತಪ್ಪು ಮಾಡಿದವನಿಗೂ ಅವನದೇ ಆದ ಒಂದು ನ್ಯಾಯವಿತ್ತು. ಮರಳಿ ಬರುವ ಯೋಗ್ಯತೆ ಯಾವ ಕೃತಿಗೆ ಉಂಟೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಯಾರು ಯಾರನ್ನು ಕೊಂದರೆಂಬುದನ್ನು ಒಮ್ಮೆ ತಿಳಿದ ಮೇಲೆ ಮತ್ತೆ ಕೇಳುವವರಿಲ್ಲ. ಒಂದು ಮನೆಯ ಜನ ಹೇಗೆ ಬದುಕಿದರೆಂಬುದನ್ನು ಎಷ್ಟು ಸಲ ಬೇಕಾದರೂ ಕೇಳಬಹುದು.

ಇನ್ನು ಹೊಸವುಗಳ ಮಾತು. ಬೀದರಿನ ಪ್ರೇಕ್ಷಕನಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ, ಅದನ್ನು ಅನಾನುಕೂಲವೆಂದರೂ ಸರಿಯೇ. ನಮ್ಮ ಓಣಿಯಲ್ಲಿ ಕನ್ನಡ, ಮರಾಠಿ, ತೆಲುಗು, ಹಿಂದಿ ನಾಲ್ಕೂ ಭಾಷೆಗಳ ಧಾರಾವಾಹಿಗಳು ಒಂದೇ ಸಂಜೆ ಕಿಟಕಿಗಳಿಂದ ಕೇಳಿಬರುತ್ತವೆ. ಆದ್ದರಿಂದ ಕಥೆಗಳು ಒಂದು ಭಾಷೆಯಿಂದ ಮತ್ತೊಂದಕ್ಕೆ ವಲಸೆ ಹೋಗುವುದು ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ. ೨೦೨೧ರ ಡಿಸೆಂಬರಿನಲ್ಲಿ ಆರಂಭವಾದ 'ಪುಟ್ಟಕ್ಕನ ಮಕ್ಕಳು' ತೆಲುಗಿನ 'ರಾಧಮ್ಮ ಕೂತುರು'ವಿನಿಂದ ಬಂದುದು. ೨೦೨೩ರ 'ಅಮೃತಧಾರೆ'ಗೆ ಮೂಲ ೨೦೧೧ರ ಹಿಂದಿ ಕಥೆ. ೨೦೨೪ರ ಆರಂಭದಲ್ಲಿ ಕನ್ನಡದಲ್ಲಿ ಬಂದ 'ಲಕ್ಷ್ಮೀ ನಿವಾಸ' ಆ ವರ್ಷ ಮುಗಿಯುವುದರೊಳಗೆ ಮರಾಠಿಯ ಮನೆಯನ್ನೂ ಕಟ್ಟಿಕೊಂಡಿತು. ಹೀಗೆ ನಾವು ಕೊಡುವವರೂ ಹೌದು, ಕೊಳ್ಳುವವರೂ ಹೌದು.

ಇದರಲ್ಲಿ ತಪ್ಪೇನೂ ಇಲ್ಲ. ರಾಮಾಯಣವನ್ನು ಎರವಲು ತಂದು ಪಂಪನ ಕಾಲದಿಂದ ಕುವೆಂಪು ಅವರ ಕಾಲದವರೆಗೂ ಬಾಳಿದ ಸಾಹಿತ್ಯ ನಮ್ಮದು, ಎರವಲಿಗೆ ನಾಚಬೇಕಾಗಿಲ್ಲ. ಪ್ರಶ್ನೆಯಿರುವುದು ತಂದ ಸಸಿ ಇಲ್ಲಿ ಬೇರು ಬಿಟ್ಟಿತೇ ಎಂಬಲ್ಲಿ. 'ಪುಟ್ಟಕ್ಕನ ಮಕ್ಕಳು' ಬೇರು ಬಿಟ್ಟಿದ್ದರೆ ಅದಕ್ಕೆ ಉಮಾಶ್ರೀಯವರೇ ಕಾರಣ. ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಆ ತಾಯಿಯ ಮಾತಿನಲ್ಲಿ ಹಳೆಯ ಮೈಸೂರು ಸೀಮೆಯ ಹಳ್ಳಿಯ ಕಾವು ಇದೆ. 'ಅಮೃತಧಾರೆ'ಯಲ್ಲಿ ರಾಜೇಶ ನಟರಂಗ, ಛಾಯಾ ಸಿಂಗ್ ಇಬ್ಬರೂ ನಡುವಯಸ್ಸಿನಲ್ಲಿ ಮದುವೆಯಾದವರ ಸಂಕೋಚವನ್ನು ಹದವರಿತು ನಟಿಸಿದ್ದಾರೆ. ಆದರೆ ಇನ್ನೆಷ್ಟೋ ಧಾರಾವಾಹಿಗಳ ಮನೆಗಳು ಯಾವ ಊರಿನಲ್ಲಿವೆಯೆಂದೇ ತಿಳಿಯುವುದಿಲ್ಲ. ಅಲ್ಲಿಯ ಅಡಿಗೆಮನೆಯಲ್ಲಿ ಹೊಗೆಯಿಲ್ಲ, ಅಂಗಳದಲ್ಲಿ ಧೂಳಿಲ್ಲ, ಹೊರಗೆ ಓಣಿಯೇ ಇಲ್ಲ. ಊರಿಲ್ಲದ ಮನೆಯ ಜನ ಆಡುವುದೂ ಊರಿಲ್ಲದ ಭಾಷೆ.

ನನ್ನ ದೂರು ಇಲ್ಲಿಂದ ಆರಂಭವಾಗುತ್ತದೆ. ಊರಿಲ್ಲದ ಆ ಭಾಷೆಯ ನಡುವೆ ಆಗಾಗ ನಮ್ಮ ಕಡೆಯ ಮಾತೂ ಕೇಳಿಬರುವುದುಂಟು. ಆದರೆ ಯಾರ ಬಾಯಲ್ಲಿ? ಮನೆಗೆಲಸದವಳ ಬಾಯಲ್ಲಿ, ಪೆದ್ದ ಕಾವಲುಗಾರನ ಬಾಯಲ್ಲಿ, ಹೊಟ್ಟೆಬಾಕ ನೆಂಟನ ಬಾಯಲ್ಲಿ. ಅವನು ಬಾಯಿ ತೆರೆದೊಡನೆ ಹಿನ್ನೆಲೆಯಲ್ಲಿ ನಗೆಯ ವಾದ್ಯ ಮೊಳಗುತ್ತದೆ. ನ್ಯಾಯಾಧೀಶನಾಗಲಿ, ಡಾಕ್ಟರಾಗಲಿ, ಮಗನನ್ನು ಕಳೆದುಕೊಂಡ ತಾಯಿಯಾಗಲಿ ನಮ್ಮ ಮಾತಿನಲ್ಲಿ ಮಾತನಾಡುವುದು ಬಲು ಅಪರೂಪ.

ಇದೊಂದು ಸಣ್ಣ ವಿಷಯವೆಂದು ನಾನೂ ಬಹಳ ದಿನ ಎಣಿಸಿದ್ದೆ. ಹೋದ ಬೇಸಿಗೆಯಲ್ಲಿ ನನ್ನ ಎಣಿಕೆ ತಪ್ಪೆಂದು ತಿಳಿಯಿತು. ನಮ್ಮ ಮೊಮ್ಮಗಳು ಶಾಲೆಯಿಂದ ಬಂದಾಗ ನನ್ನ ಮನೆಯಾಕೆ ಬಾಗಿಲಿನಲ್ಲಿ ನಿಂತು, "ಯಾಕ ತಂಗಿ, ಇಷ್ಟೊತ್ತ ಮಾಡ್ದಿ? ರೊಟ್ಟಿ ಆರಿ ಹೋಗ್ಲತ್ತದ" ಎಂದಳು. ಹುಡುಗಿ ಕಿಲಕಿಲನೆ ನಕ್ಕು ಒಂದು ಧಾರಾವಾಹಿಯ ಕೆಲಸದಾಕೆಯ ಹೆಸರು ಹೇಳಿ, "ಆಯಿ, ನೀ ಥೇಟ್ ಅಕಿ ಹಂಗೇ ಮಾತಾಡ್ತಿ!" ಎಂದು ಅಣಕಿಸಿ ತೋರಿಸಿದಳು. ಮಗುವಿಗೆ ಕೇಡಿನ ಬುದ್ಧಿಯೇನೂ ಇರಲಿಲ್ಲ. ಅವಳ ಮಾತೂ ಅದೇ ಮಾತೆಂಬುದು ಅವಳಿಗೆ ಹೊಳೆಯಲಿಲ್ಲ. ನನ್ನ ಮನೆಯಾಕೆಯೂ ನಕ್ಕಳು. ಆದರೆ ಮುಂದಿನ ವಾರ ಬೆಂಗಳೂರಿನಿಂದ ಮಗನ ಸ್ನೇಹಿತರು ಬಂದಾಗ, ಭಾಲ್ಕಿಯ ಆ ಹೆಣ್ಣುಮಗಳು, ಐವತ್ತು ವರ್ಷ ಬಂದವರನ್ನೆಲ್ಲ "ಬರ್ರಿ, ಕುಂದರ್ರಿ, ಛಾ ಕುಡೀರಿ" ಎಂದು ಬಾಯ್ತುಂಬ ಕರೆದವಳು, "ಬನ್ನಿ, ಕುಳಿತುಕೊಳ್ಳಿ" ಎಂದು ಪುಸ್ತಕ ಓದಿದ ಹಾಗೆ ಹೇಳಿ ಒಳಗೆ ಹೋಗಿಬಿಟ್ಟಳು. ಆ ಹೊತ್ತೆಲ್ಲ ಅವಳು ಹೊರಗೆ ಬರಲೇ ಇಲ್ಲ. ನಗೆಯ ವಾದ್ಯ ನಮ್ಮ ಮನೆಯಲ್ಲಿಯೂ ಮೊಳಗಿತ್ತು.

ಅವಳು ಭಾಲ್ಕಿಯವಳೆಂಬುದನ್ನು ನಾನು ಸುಮ್ಮನೆ ಹೇಳಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿದ್ದಾಗ ಭಾಲ್ಕಿಯ ಹಿರೇಮಠದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಸಂಗತಿ ಈ ಜಿಲ್ಲೆಯಲ್ಲಿ ಮನೆಮಾತು. ೧೯೫೬ರ ನವೆಂಬರಿನಲ್ಲಿ ಬೀದರ ಕನ್ನಡ ರಾಜ್ಯಕ್ಕೆ ಸೇರಿತು. ಫಲಕಕ್ಕೆ ಹೆದರದೆ ಒಳಗೆ ಉಳಿಸಿಕೊಂಡ ಕನ್ನಡವು ಈಗ ಕನ್ನಡದ ತೆರೆಗೇ ನಾಚಿ ಅಡಿಗೆಮನೆ ಸೇರಬೇಕೆ?

ನಮ್ಮ ಮಾತಿಗೆ ಗಾಂಭೀರ್ಯ ಒಗ್ಗುವುದಿಲ್ಲವೆಂದು ಯಾರಾದರೂ ವಾದಿಸುವುದಾದರೆ ಅವರು ಸಾಹಿತ್ಯವನ್ನು ಓದಿಲ್ಲವೆಂದೇ ಹೇಳಬೇಕು. ಬೇಂದ್ರೆಯವರು ಅತ್ಯಂತ ತೀವ್ರವಾದ ದುಃಖವನ್ನು ಹಾಡಿದ್ದು ಧಾರವಾಡದ ಆಡುಮಾತಿನಲ್ಲಿ. ಕಂಬಾರರ ನಾಟಕಗಳು ಬೆಳಗಾವಿ ಸೀಮೆಯ ಮಾತನ್ನು ಇಡೀ ಭಾರತದ ರಂಗಭೂಮಿಗೆ ಒಯ್ದವು. ಇನ್ನೂ ಹಿಂದೆ ಹೋಗುವುದಾದರೆ, ಒಂಬತ್ತನೆಯ ಶತಮಾನದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ರಾಜಧಾನಿಯಿದ್ದ ನೃಪತುಂಗನ ಆಶ್ರಯದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿತು. ನಾಡಿನಲ್ಲಿ ಕನ್ನಡಗಳು ಬಗೆಬಗೆಯಾಗಿವೆಯೆಂಬುದನ್ನೂ ಒಪ್ಪಿಕೊಂಡಿತು. ನಮ್ಮ ಜಿಲ್ಲೆಯ ಮಾಂಜ್ರಾ ಹೋಗಿ ಸೇರುವುದು ಗೋದಾವರಿಯನ್ನೇ. ಧಾರಾವಾಹಿಗಳು ಕಾವೇರಿಯ ನೀರು ಕುಡಿಯುವ ಊರಿನಲ್ಲಿ ತಯಾರಾಗಲಿ, ಬೇಡವೆನ್ನುವವರು ಯಾರು? ಆದರೆ ಎಲ್ಲೆಯ ಇನ್ನೊಂದು ತುದಿಯಲ್ಲಿಯೂ ಜನ ಅಳುತ್ತಾರೆ, ಪ್ರೀತಿಸುತ್ತಾರೆ, ನ್ಯಾಯ ಹೇಳುತ್ತಾರೆ ಎಂಬುದು ಬರೆಯುವವರಿಗೆ ನೆನಪಿದ್ದರೆ ಸಾಕು.

ಇದು ಸಾಧ್ಯವೆಂಬುದಕ್ಕೆ ಕಿರುತೆರೆಯಲ್ಲಿಯೇ ಆಧಾರವಿದೆ. ೨೦೨೦ರಲ್ಲಿ ಬಂದ 'ಗಿಣಿರಾಮ' ಮರಾಠಿಯಿಂದ ತಂದ ಕಥೆಯಾದರೂ ಅದರ ನಾಯಕ ನಾಯಿಕೆಯರು ಉತ್ತರ ಕರ್ನಾಟಕದ ಮಾತಿನಲ್ಲಿಯೇ ಜಗಳವಾಡಿದರು, ಅದರಲ್ಲಿಯೇ ಒಲಿದರು. ಬೀದರಿನ ಮಾತು ಅದರಿಂದ ಕೆಲವು ಹೆಜ್ಜೆ ದೂರದ್ದು. ನಮ್ಮದರಲ್ಲಿ ದಖನಿಯೂ ಮರಾಠಿಯೂ ಸಲಿಗೆಯಿಂದ ಬೆರೆತಿವೆ. ಆದರೂ ಮೊದಲ ಸಂಚಿಕೆಯನ್ನು ನೋಡಿದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲವೆಂಬುದನ್ನು ನಾನು ಗಮನಿಸಿದೆ. ಎಲ್ಲರೂ ಕಥೆಯನ್ನು ಕೇಳುತ್ತಿದ್ದರು.

ನನ್ನ ವಾದಕ್ಕೆ ಎದುರು ನಿಲ್ಲುವ ಒಂದು ಉದಾಹರಣೆಯನ್ನೂ ಮುಚ್ಚಿಡಬಾರದು. ಅದೇ ೨೦೨೦ರ ಜುಲೈಯಲ್ಲಿ ಅಂಬೇಡ್ಕರರ ಜೀವನವನ್ನು ಕುರಿತ 'ಮಹಾನಾಯಕ' ಹಿಂದಿಯಿಂದ ಡಬ್ಬಿಂಗ್ ಆಗಿ ಬಂದಿತು. ತುಟಿಯೊಂದು ಹೇಳುತ್ತಿತ್ತು, ಕಿವಿಗೊಂದು ಕೇಳುತ್ತಿತ್ತು. ಭಾಷೆಯೂ ಪುಸ್ತಕದ ಭಾಷೆ. ಆದರೂ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಜನ ತಾವಾಗಿ ಹಣ ಕೂಡಿಸಿ ಆ ಧಾರಾವಾಹಿಯ ಬ್ಯಾನರುಗಳನ್ನು ಕಟ್ಟಿದರು. ಯಾವ ಅತ್ತೆಸೊಸೆಯರ ಕಥೆಗೂ ದೊರೆಯದ ಗೌರವ ಅದು. ಕುಡಿಯುವ ನೀರಿನಿಂದ ದೂರ ನಿಲ್ಲಿಸಲ್ಪಟ್ಟ ಬಾಲಕನ ನೋವು ತಮ್ಮದೇ ಎಂದು ತಿಳಿದವರಿಗೆ ಮಾತಿನ ಧಾಟಿ ಅಡ್ಡಬರಲಿಲ್ಲ. ಹಾಗಾದರೆ ಆಡುಮಾತಿಗಿಂತ ದೊಡ್ಡದೊಂದಿದೆ. ಅದು ನೋಡುವವನನ್ನು ಮನುಷ್ಯನೆಂದು ಎಣಿಸುವ ಗೌರವ. ಅದಿದ್ದರೆ ಡಬ್ಬಿಂಗಿನ ಮಾತೂ ನಮ್ಮದಾಗುತ್ತದೆ. ಅದಿಲ್ಲದಿದ್ದರೆ ನಮ್ಮ ಮಾತನ್ನೇ ಆಡಿಸಿದರೂ ಅದು ಅಣಕವಾಗುತ್ತದೆ. ನಾನು ಕೇಳುತ್ತಿರುವುದೂ ಆ ಗೌರವವನ್ನೇ.

ಬರೆಯುವವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಮುಂದಿನ ಧಾರಾವಾಹಿಯಲ್ಲಿ ಒಬ್ಬಳು ಹೆಡ್‌ಮಿಸ್ಟ್ರೆಸ್ ಇರಲಿ, ಅವಳು ಔರಾದಿನವಳಾಗಿರಲಿ. ಒಬ್ಬ ಕುಶಲಿ ಬಿದರಿಯ ಹೂಜಿಯ ಮೇಲೆ ಬೆಳ್ಳಿಯ ಎಳೆ ಕೂಡಿಸುತ್ತ ಮಗಳ ಮದುವೆಯ ಚಿಂತೆಯನ್ನು ತನ್ನ ಮಾತಿನಲ್ಲಿಯೇ ಹೇಳಲಿ. ಹಿನ್ನೆಲೆಯ ವಾದ್ಯಗಾರರು ಆ ಹೊತ್ತು ಸ್ವಲ್ಪ ಸುಮ್ಮನಿರಲಿ. ನಮ್ಮ ಮೊಮ್ಮಗಳು ಅದನ್ನು ನೋಡಿ, "ಆಯಿ ಹಂಗೇ ಮಾತಾಡ್ತಾಳ" ಎಂದು ಹೆಮ್ಮೆಯಿಂದ ಹೇಳುವ ಒಂದು ಸಂಜೆ ನನಗೆ ಬೇಕು.

ಇಷ್ಟು ಬರೆಯುವಷ್ಟರಲ್ಲಿ ಏಳು ಹೊಡೆಯಿತು. ಒಳಗಿನಿಂದ ಕೂಗು ಬಂದಿದೆ: "ಏನ್ರೀ, ಚಾಲೂ ಆಗ್ಯದ. ಬರ್ತೀರೋ ಇಲ್ಲೋ?" ಮನೆಯಲ್ಲಿ ಪರಸ್ಥಳದವರು ಯಾರೂ ಇಲ್ಲ, ಅವಳ ದನಿ ಎಂದಿನಂತೆ ದೊಡ್ಡದಾಗಿದೆ. ನಾನು ಏಳಬೇಕು.