ಕಾಗದ ಬಂತು, ಅಡಿಕೆ ಹೋಯಿತು

ವ್ಯಾಪಾರಿಯೆಂದರೆ ನಮ್ಮ ಸಾಹಿತ್ಯಕ್ಕೆ ಒಂದು ಬಗೆಯ ಅಸಡ್ಡೆ. ಜೈನ ಕಥೆಗಳ ಸೆಟ್ಟಿಗಳನ್ನೂ ವಚನಕಾರರ ಕಾಯಕದ ಮಾತುಗಳನ್ನೂ ಬದಿಗಿಟ್ಟರೆ, ನಮ್ಮ ಕವಿಗೆ ರೈತನು ಬೇಕು, ಯೋಧನು ಬೇಕು, ಸಂತನು ಬೇಕು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಲೆಕ್ಕ ಬರೆಯುವವನು ಬೇಡ. ಕಾದಂಬರಿಯಲ್ಲಿ ಅವನು ಕಾಣಿಸಿಕೊಂಡರೂ ಬಡ್ಡಿ ಹಿಂಡುವ ಸಾಹುಕಾರನಾಗಿಯೇ ಬಂದು, ಕಥೆ ಮುಗಿಯುವುದರೊಳಗೆ ತಕ್ಕ ಶಾಸ್ತಿಯನ್ನು ಪಡೆದು ಹೋಗುತ್ತಾನೆ. ಬಂದರಿನಿಂದಲೇ ಬದುಕಿದ ಮಂಗಳೂರಿನಂತಹ ಊರಿನವರಾದ ನಾವೂ ಈ ರೂಢಿಯನ್ನು ಮೀರಲಿಲ್ಲವೆಂಬುದು ವಿಚಾರಮಾಡತಕ್ಕ ಸಂಗತಿ. ನಮ್ಮ ಬಂದರದ ಕಥೆಯನ್ನು ಮನಸ್ಸಿಟ್ಟು ಹೇಳಿದ ಪ್ರಸಿದ್ಧ ಗ್ರಂಥವೊಂದನ್ನು ಬರೆದವರು ಬಂಗಾಳದವರು, ಬರೆದ ಭಾಷೆ ಇಂಗ್ಲಿಷು. ಶ್ರೀ ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ 1992ರಲ್ಲಿ ಪ್ರಕಟವಾಯಿತು. ನೆರೆನಾಡುಗಳ ನಡುವಣ ವ್ಯಾಪಾರ ಸಹಕಾರದ ಮಾತು ದಿನವೂ ಕೇಳಿಬರುತ್ತಿರುವ ಈ ಕಾಲದಲ್ಲಿ, ಗಡಿಯ ಬದಿಯಲ್ಲೇ ವಾಸಿಸುವ ನಾವು ಅದನ್ನು ಮತ್ತೊಮ್ಮೆ ಓದುವುದು ಪ್ರಯೋಜನಕರವೆಂದು ನಾನು ನಂಬುತ್ತೇನೆ.

ಗ್ರಂಥದ ಮೂಲದಲ್ಲಿರುವುದು ಒಂದು ಕಾಗದದ ರಾಶಿ. ಕೈರೋ ನಗರದ ಹಳೆಯ ಯೆಹೂದ್ಯ ಮಂದಿರವೊಂದರ ಕೋಣೆಯಲ್ಲಿ ಶತಮಾನಗಳ ಕಾಲ ಬಿದ್ದಿದ್ದ ಪತ್ರಗಳಲ್ಲಿ ಅಬ್ರಹಾಂ ಬೆನ್ ಯೀಜು ಎಂಬ ವರ್ತಕನಿಗೆ ಸಂಬಂಧಿಸಿದ ಪತ್ರಗಳೂ ಇದ್ದುವು. ಈತ ಈಗಿನ ಟ್ಯುನೀಸಿಯದ ಮಹ್ದಿಯಾದಲ್ಲಿ ಹುಟ್ಟಿ, ಏಡನ್ನಿನ ಮಾರ್ಗವಾಗಿ ಮಂಗಳೂರಿಗೆ ಬಂದು, 1132ರಿಂದ 1149ರ ವರೆಗಿನ ಬಹುಕಾಲವನ್ನು ಇಲ್ಲಿಯೇ ಕಳೆದವನು. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದನು; ಆಶು ಎಂಬ ನಾಯರ್ ಹೆಣ್ಣನ್ನು ದಾಸ್ಯದಿಂದ ಬಿಡಿಸಿ ಮದುವೆಯಾದನೆಂದು ಘೋಷ್ ಊಹಿಸುತ್ತಾರೆ. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳು ಏಡನ್ನಿಗೆ ಹೋದುವು. ಅಲ್ಲಿಂದ ತಾಮ್ರ, ಸಕ್ಕರೆ, ಒಣದ್ರಾಕ್ಷಿಗಳ ಜೊತೆಗೆ ಬರೆಯಲು ಕಾಗದವೂ ಬಂದಿತು. ತಾಳೆಗರಿಯ ನಾಡಿನಲ್ಲಿ ಕುಳಿತ ಗೆಳೆಯನಿಗೆ ಏಡನ್ನಿನ ಸ್ನೇಹಿತರು ಒಳ್ಳೆಯ ಕಾಗದವನ್ನು ಕಾಣಿಕೆಯಾಗಿ ಕಳುಹಿಸುತ್ತಿದ್ದರಷ್ಟೆ. ಆ ಕಾಗದದ ದೆಸೆಯಿಂದಲೇ ನಮ್ಮ ಊರಿನ ಒಂದು ಕಾಲದ ದಿನಚರಿ ಉಳಿದುಕೊಂಡಿತು.

ಈ ಪತ್ರಗಳಲ್ಲಿ ಬೆನ್ ಯೀಜುವಿನ ದಾಸನೊಬ್ಬನ ಹೆಸರು ಬರುತ್ತದೆ. 1148ರಲ್ಲಿ ಏಡನ್ನಿನ ಖಲಫ್ ಎಂಬ ವರ್ತಕನು ಬರೆದ ಕಾಗದದಲ್ಲಿ ಅವನಿಗೂ ವಂದನೆ ಹೇಳಿದ್ದಾನೆ. ಸ್ವರಚಿಹ್ನೆಗಳಿಲ್ಲದ ಆ ಲಿಪಿಯ ಮೂರಕ್ಷರಗಳನ್ನು ‘ಬಾಮ’ ಎಂದು ಓದುವವರಿದ್ದರು. ಘೋಷ್ ಅವರು 1990ರಲ್ಲಿ ಮಂಗಳೂರಿಗೆ ಬಂದು, ತುಳು ಜಾನಪದದ ವಿದ್ವಾಂಸರಾದ ಪ್ರೊ. ಬಿ. ಎ. ವಿವೇಕ ರೈಗಳೊಡನೆ ಚರ್ಚಿಸಿ, ಅದು ‘ಬೊಮ್ಮ’ನೇ ಇರಬೇಕೆಂದೂ, ಆ ಹೆಸರಿನ ಹಿಂದಿರುವುದು ಪುರಾಣದ ಚತುರ್ಮುಖನಲ್ಲ, ತುಳುವರ ಬೆರ್ಮೆರ್ ಎಂದೂ ನಿರ್ಣಯಿಸಿದರು. ಕಾದಂಬರಿಕಾರನೊಬ್ಬನು ಮೂರಕ್ಷರದ ಬೆನ್ನುಹತ್ತಿ ಸಮುದ್ರ ದಾಟಿ ಬಂದ ಈ ಭಾಗ ಗ್ರಂಥದ ಶ್ರೇಷ್ಠ ಭಾಗ. ನಮ್ಮ ಕಡಲತೀರದ ಬೊಬ್ಬರ್ಯನ ಗುಡಿಯ ಪ್ರಸಂಗವೂ ಅಷ್ಟೇ ಸೊಗಸಾಗಿದೆ. ಕಡಲಿನಲ್ಲಿ ಮಡಿದ ಮುಸಲ್ಮಾನ ವರ್ತಕನೊಬ್ಬನು ದೈವವಾಗಿ ಮೊಗವೀರರ ಪೂಜೆಗೆ ಪಾತ್ರನಾದನೆಂಬ ಐತಿಹ್ಯದಲ್ಲಿ, ವ್ಯಾಪಾರದ ನೆನಪನ್ನು ಜನರು ತಮ್ಮದೇ ರೀತಿಯಲ್ಲಿ ಉಳಿಸಿಕೊಂಡದ್ದು ಕಾಣುತ್ತದೆ. ಬರಹಗಾರರು ಮರೆತುದನ್ನು ದೈವಸ್ಥಾನಗಳು ಮರೆಯಲಿಲ್ಲ.

ಇಷ್ಟನ್ನು ಕೃತಜ್ಞತೆಯಿಂದ ಹೇಳಿದ ಮೇಲೆ, ನನ್ನ ಭಿನ್ನಾಭಿಪ್ರಾಯವನ್ನೂ ಹೇಳಲೇಬೇಕು. ಘೋಷ್ ಅವರ ದೃಷ್ಟಿಯಲ್ಲಿ ಆ ಹಿಂದೂಮಹಾಸಾಗರದ ಲೋಕ ನಿಶ್ಶಸ್ತ್ರವಾದ, ಹೊಂದಾಣಿಕೆಯ ಲೋಕ. 1498ರಲ್ಲಿ ಬಂದ ಪೋರ್ಚುಗೀಸರ ತೋಪುಗಳು ಅದನ್ನು ಕೆಡಿಸಿದುವು. ಆಮೇಲೆ ಹುಟ್ಟಿದ ಗಡಿಗಳು ಉಳಿದುದನ್ನೂ ಮುಗಿಸಿದುವು. ತೋಪುಗಳ ಮಾತು ಸತ್ಯ. ಆದರೆ ಅದಕ್ಕೆ ಮೊದಲಿದ್ದ ಸಾಮರಸ್ಯ ತಾನಾಗಿ ಅರಳಿದ ಹೂವೆಂಬಂತೆ ಓದುಗನಿಗೆ ತೋರುವುದು ಗ್ರಂಥದ ದೌರ್ಬಲ್ಯ. ಅದೇ ಪತ್ರಗಳನ್ನು ಸ್ವಲ್ಪ ನಿಧಾನವಾಗಿ ಓದಿದರೆ ಬೇರೆಯ ಚಿತ್ರ ಕಾಣುತ್ತದೆ. ಏಲಕ್ಕಿ ಕೊಡುತ್ತೇನೆಂದು ಮುಂಗಡ ಹಣ ಪಡೆದ ಸ್ಥಳೀಯನೊಬ್ಬ ಮಾಲನ್ನೂ ಕೊಡಲಿಲ್ಲ, ಹಣವನ್ನೂ ಹಿಂದಿರುಗಿಸಲಿಲ್ಲ. ಆ ಬಾಕಿಯ ತಗಾದೆ ಪತ್ರದಿಂದ ಪತ್ರಕ್ಕೆ ಸಾಗುತ್ತದೆ. ಎರಡು ಊರಿಗೂ ಸಲ್ಲುವ ನ್ಯಾಯಾಲಯವಿಲ್ಲ. ಆಗ ಏಡನ್ನಿನವರು ಕೊಟ್ಟ ಸಲಹೆಯೇನು? ಕೊಟ್ಟ ಮಾತಿಗೆ ತಪ್ಪಿದವನ ಮಾನ ಇಲ್ಲಿ ಏಡನ್ನಿನಲ್ಲಿಯೂ ಹೋಗುತ್ತದೆಂದು ಅವನಿಗೆ ತಿಳಿಸು ಎಂದು! ದೂರದ ಊರಿನಲ್ಲಿ ಕೆಟ್ಟ ಹೆಸರು ಬರುವ ಭಯವೇ ಅಲ್ಲಿ ಕಾನೂನು.

ಹದಿನಾಲ್ಕನೆಯ ಶತಮಾನದಲ್ಲಿ ಮಂಗಳೂರನ್ನು ಕಂಡ ಇಬ್ನ್ ಬತೂತನ ಮಾತೂ ಇದಕ್ಕೆ ಪೋಷಕವಾಗಿದೆ. ಇಲ್ಲಿ ಸುಮಾರು ನಾಲ್ಕು ಸಾವಿರ ಮುಸಲ್ಮಾನರು ಊರ ಹೊರಭಾಗದಲ್ಲಿ ನೆಲಸಿದ್ದರೆಂದೂ, ಅವರಿಗೂ ಊರವರಿಗೂ ಆಗಾಗ ಕಾದಾಟ ನಡೆಯುತ್ತಿತ್ತೆಂದೂ, ವರ್ತಕರು ಬೇಕಾಗಿದ್ದುದರಿಂದ ಅರಸನು ಸಂಧಿ ಮಾಡಿಸುತ್ತಿದ್ದನೆಂದೂ ಅವನು ಬರೆದಿದ್ದಾನೆ. ಜಗಳವಿರಲಿಲ್ಲವೆಂದಲ್ಲ, ಜಗಳವನ್ನು ನಿಲ್ಲಿಸಲು ಕಾರಣವಿತ್ತು. ಸಹಕಾರವೆಂಬುದು ಹೃದಯದ ಗುಣವೆಂದು ನಾವು ಭಾವಿಸುತ್ತೇವೆ. ಅದಕ್ಕೆ ಲೆಕ್ಕಪುಸ್ತಕ, ಮಧ್ಯಸ್ಥಿಕೆ, ಮಾತಿಗೆ ನಿಲ್ಲುವ ಅಭ್ಯಾಸ, ಇವು ಕೂಡ ಬೇಕು. ಇದನ್ನು ಮರೆತು ಹಳೆಯ ಕಾಲಕ್ಕಾಗಿ ಕಣ್ಣೀರು ಹಾಕಿದರೆ ಇಂದಿನ ಕಾಲಕ್ಕೆ ಏನೂ ಕಲಿತಂತಾಗುವುದಿಲ್ಲ.

ಇಂದಿನ ಕಾಲದ ನಿದರ್ಶನ ದೂರವಿಲ್ಲ, ತಲಪಾಡಿಯಲ್ಲಿಯೇ ಇದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ನೋವು ಕನ್ನಡದಲ್ಲಿ ಸಮರ್ಥವಾಗಿ ನುಡಿಯಲ್ಪಟ್ಟಿದೆ; ನೂರು ವರ್ಷ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳ ಕಾವ್ಯ ಮತ್ತು ಹೋರಾಟಗಳನ್ನು ನೆನೆದರೆ ಸಾಕು. ಭಾಷೆಯ ದೃಷ್ಟಿಯಿಂದ ಆ ಗಡಿ ಗಾಯವೇ ಸರಿ. ಆದರೆ ಅಂದಿನಿಂದ ಇಂದಿನವರೆಗೆ ಆ ಗೆರೆಯನ್ನು ದಿನವೂ ದಾಟಿದವರು ಯಾರು? ಆಸ್ಪತ್ರೆಗೆ ಬರುವ ರೋಗಿ, ಕಾಲೇಜಿಗೆ ಬರುವ ವಿದ್ಯಾರ್ಥಿ, ಮೀನಿನ ಲಾರಿ, ಅಡಿಕೆಯ ಮೂಟೆ. ಇವರ ಕಥೆಯನ್ನು ನಾವು ಅಷ್ಟಾಗಿ ಬರೆಯಲಿಲ್ಲ. 1973ರಲ್ಲಿ ಎರಡೂ ರಾಜ್ಯಗಳ ಅಡಿಕೆ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯನ್ನು ಕಟ್ಟಿದರು; ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕರು. ಬೆಲೆ ಕುಸಿದು ತೋಟಗಾರನು ಕಂಗಾಲಾಗಿದ್ದಾಗ ಹುಟ್ಟಿದ ಈ ಸಂಸ್ಥೆಗೆ ಅಡಿಕೆ ಯಾವ ರಾಜ್ಯದ್ದೆಂಬ ಭೇದವಿಲ್ಲ. ಬೆನ್ ಯೀಜುವಿಗೆ ಇಲ್ಲದಿದ್ದ ಎರಡೂ ಕಡೆಗೆ ಸಲ್ಲುವ ಲೆಕ್ಕಪುಸ್ತಕವನ್ನು ನಮ್ಮವರೇ ಬರೆದುಕೊಂಡರು.

ಹೀಗೆ ಕಟ್ಟಿಕೊಳ್ಳದಿದ್ದ ಕಡೆ ಏನಾಗುತ್ತದೆಂಬುದು 2020ರ ಮಾರ್ಚ್ ತಿಂಗಳಲ್ಲಿ ತಿಳಿಯಿತು. ಸಾಂಕ್ರಾಮಿಕದ ಭಯದಿಂದ ಕರ್ನಾಟಕವು ಕಾಸರಗೋಡಿನ ಕಡೆಯ ರಸ್ತೆಗಳನ್ನು ಮುಚ್ಚಿತು. ಕೆಲವೆಡೆ ಮಣ್ಣು ಸುರಿಯಲಾಯಿತು. ಮಂಗಳೂರಿನ ವೈದ್ಯರನ್ನೇ ನೆಚ್ಚಿದ್ದ ರೋಗಿಗಳು ತಲಪಾಡಿಯಿಂದ ಹಿಂದಿರುಗಬೇಕಾಯಿತು; ಕೆಲವರು ತೀರಿಕೊಂಡರೆಂದು ಪತ್ರಿಕೆಗಳು ಬರೆದುವು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು ಆದೇಶವಿತ್ತು, ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ಬಿಡುವ ಬಗ್ಗೆ ಎರಡು ರಾಜ್ಯಗಳೂ ಒಂದು ಕ್ರಮಕ್ಕೆ ಒಪ್ಪಿದುವು. ರೋಗದ ಭಯ ನಿಜವಾದದ್ದೇ ಆಗಿತ್ತು. ಆದರೆ ದಶಕಗಳ ಬಳಕೆಯೊಂದು ಬರಿಯ ರೂಢಿಯ ಮೇಲೆ ನಿಂತಿತ್ತು. ಅದನ್ನು ಕಾಯುವ ಒಪ್ಪಂದದ ಒಂದು ಹಾಳೆಯೂ ಆ ಹೊತ್ತಿಗೆ ಒದಗಲಿಲ್ಲ. ಒಳ್ಳೆಯ ನೆರೆತನವನ್ನು ನಂಬಿ ಕುಳಿತವನಿಗಾದ ನಷ್ಟ ಇದು.

ಇನ್ನೊಂದು ಮಾತನ್ನೂ ಮರೆಮಾಡಬಾರದು. ವ್ಯಾಪಾರ ಬೆಳೆದಾಗ ಎಲ್ಲರಿಗೂ ಒಂದೇ ಸಮನಾಗಿ ಸುಖ ಬರುವುದಿಲ್ಲ. 2022ರಲ್ಲಿ ಕೇಂದ್ರ ಸರಕಾರವು ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ದರದ ಕಟ್ಟಿಲ್ಲದೆ ತರಲು ಅನುಮತಿ ಕೊಟ್ಟಾಗ ನಮ್ಮ ಬೆಳೆಗಾರರು ಆಕ್ಷೇಪಿಸಿದರು. ಮರುವರ್ಷ ಆ ಕನಿಷ್ಠ ದರವನ್ನು ಕಿಲೋಗೆ 351 ರೂಪಾಯಿಗೆ ಏರಿಸಲಾಯಿತು. ಭೂತಾನದ ಕೃಷಿಕನೂ ಬಡವನೇ, ನಮ್ಮ ತೋಟಗಾರನ ಚಿಂತೆಯೂ ಸುಳ್ಳಲ್ಲ. ಇಂತಹ ಕಡೆ ಸಾಹಿತ್ಯವು ಪಕ್ಷ ಹಿಡಿಯುವುದಕ್ಕಿಂತ ಮೊದಲು ಎರಡು ಮನೆಗಳ ಒಳಗನ್ನೂ ತೋರಿಸಬೇಕು. ಈ ದೃಷ್ಟಿಯಿಂದ ಘೋಷ್ ಅವರು ಬೊಮ್ಮನ ದಾಸ್ಯವನ್ನು ತುಸು ಹಗುರವಾಗಿ ಕಂಡರೆಂದು ನನಗೆ ತೋರುತ್ತದೆ. ಅಂದಿನ ದಾಸ್ಯ ಒಡೆಯ-ಆಳುಗಳ ಆಪ್ತಸಂಬಂಧವೂ ಆಗಿರಬಹುದೆಂಬ ಅವರ ವಾದದಲ್ಲಿ ಸತ್ಯಾಂಶವುಂಟು. ಬೊಮ್ಮನು ಒಡೆಯನ ಪರವಾಗಿ ಏಡನ್ನಿಗೆ ಹೋಗಿ ವ್ಯವಹರಿಸಿದವನು, ಸಂಬಳ ಪಡೆದವನು. ಆದರೂ ಆ ಪತ್ರಗಳಲ್ಲಿ ಅವನ ವಿಷಯ ಬರುತ್ತದೆಯೇ ಹೊರತು ಅವನ ಮಾತು ಬರುವುದಿಲ್ಲ. ಮೂಟೆ ಹೊತ್ತವನು ಲೆಕ್ಕಪುಸ್ತಕದಲ್ಲಿ ಒಂದು ಖರ್ಚಾಗಿಯೇ ಉಳಿದನು.

ನಮ್ಮ ತರುಣ ಕಥೆಗಾರರಲ್ಲಿ ನನ್ನದೊಂದು ವಿನಂತಿ. ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ತುಂಬುವ ಮಂಜಿಗಳನ್ನೂ, ಅಡಿಕೆ ಸುಲಿಯುವ ಹೆಂಗಸರನ್ನೂ, ತಲಪಾಡಿಯಲ್ಲಿ ಬಸ್ಸು ಬದಲಿಸುವ ರೋಗಿಗಳನ್ನೂ ನೋಡಿ ಬರೆಯಿರಿ. ವ್ಯಾಪಾರದ ಸ್ತುತಿಯೂ ಬೇಡ, ನಿಂದೆಯೂ ಬೇಡ. ಯಾರು ಏನು ಕೊಟ್ಟರು, ಯಾರಿಗೆ ಏನು ಸಂದಿತು ಎಂಬುದು ತಿಳಿದರೆ ಸಾಕು. ಏಡನ್ನಿನ ಖಲಫ್ ಸರಕಿನ ಲೆಕ್ಕ ಮುಗಿದ ಮೇಲೆ ಬೊಮ್ಮನಿಗೂ ಒಂದು ವಂದನೆ ಬರೆದನು. ಬೊಮ್ಮನ ಊರಿನವರಾದ ನಾವು ಅವನಿಗೆ ಒಂದು ಕಥೆಯನ್ನಾದರೂ ಸಲ್ಲಿಸಬೇಡವೆ?