ತಡವಾಗಿ ಶುರುವಾಗುವ ಕಥೆ: ಜಸ್ವಂತ್ ಸಿಂಗ್ ಗಿಲ್ ಮತ್ತು ‘ಮಿಷನ್ ರಾಣಿಗಂಜ್’

2023ರ ಅಕ್ಟೋಬರ್‌ನಲ್ಲಿ ತೆರೆಕಂಡ ‘ಮಿಷನ್ ರಾಣಿಗಂಜ್’ ಹಿಂದಿ ಚಿತ್ರಕ್ಕೆ ಮೊದಲು ಕೇಳಿಬಂದಿದ್ದ ಹೆಸರು ‘ಕ್ಯಾಪ್ಸೂಲ್ ಗಿಲ್’. ಆಮೇಲೆ ಅದು ‘ದ ಗ್ರೇಟ್ ಇಂಡಿಯನ್ ರೆಸ್ಕ್ಯೂ’ ಆಯಿತು. ಬಿಡುಗಡೆಯ ಹೊತ್ತಿಗೆ ‘ಮಿಷನ್ ರಾಣಿಗಂಜ್: ದ ಗ್ರೇಟ್ ಭಾರತ್ ರೆಸ್ಕ್ಯೂ’ ಎಂದಾಗಿತ್ತು. ಸಿನಿಮಾದ ಹೆಸರು ಬದಲಾಗುವುದು ದೊಡ್ಡ ಸಂಗತಿಯಲ್ಲ. ಆದರೆ ಈ ಮೂರು ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಮರ್ಶೆಗೆ ಬೇಕಾದ ಸಾಮಗ್ರಿ ಅಲ್ಲೇ ಇದೆ. ಮೊದಲ ಹೆಸರಿನಲ್ಲಿ ಒಬ್ಬ ಮನುಷ್ಯನಿದ್ದ, ಅವನು ಮಾಡಿಸಿದ ಒಂದು ವಸ್ತು ಇತ್ತು. ಕೊನೆಯ ಹೆಸರಿನಲ್ಲಿ ಇರುವುದು ಊರು ಮತ್ತು ದೇಶ. ಮನುಷ್ಯನೂ ಅವನ ಕಸುಬೂ ನಡುವೆ ಎಲ್ಲೋ ಕಳೆದುಹೋದವು.

ಗಿಲ್ ಅವರ ಬದುಕಿನ ವಿವರಗಳನ್ನು ಮೊದಲು ಹೇಳಿಬಿಡುತ್ತೇನೆ. ಜಸ್ವಂತ್ ಸಿಂಗ್ ಗಿಲ್ ಹುಟ್ಟಿದ್ದು 1937ರಲ್ಲಿ, ಅಮೃತಸರದ ಬಳಿಯ ಸಠಿಯಾಲಾದಲ್ಲಿ. ಅಮೃತಸರದ ಖಾಲ್ಸಾ ಕಾಲೇಜಿನಲ್ಲಿ ಓದಿ, ಧನಬಾದ್‌ನ ಇಂಡಿಯನ್ ಸ್ಕೂಲ್ ಆಫ್ ಮೈನ್ಸ್‌ನಿಂದ ಗಣಿ ಎಂಜಿನಿಯರ್ ಆಗಿ ಹೊರಬಂದರು. 1989ರಲ್ಲಿ ಅವರು ಪಶ್ಚಿಮ ಬಂಗಾಳದ ರಾಣಿಗಂಜ್ ಪ್ರದೇಶದಲ್ಲಿ, ಕೋಲ್ ಇಂಡಿಯಾದ ಅಂಗಸಂಸ್ಥೆಯಾದ ಈಸ್ಟರ್ನ್ ಕೋಲ್‌ಫೀಲ್ಡ್ಸ್‌ನಲ್ಲಿ ಹಿರಿಯ ಎಂಜಿನಿಯರ್. ಆ ವರ್ಷದ ನವೆಂಬರ್ 13ರ ರಾತ್ರಿ ಪಾಳಿಯಲ್ಲಿ ಮಹಾಬೀರ್ ಕಲ್ಲಿದ್ದಲು ಗಣಿಯಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಕೆಲಸ ಮಾಡುತ್ತಿದ್ದರು. ಸ್ಫೋಟಕ ಇಟ್ಟು ಕಲ್ಲಿದ್ದಲು ಒಡೆಯುತ್ತಿದ್ದಾಗ ನೀರು ಒಳನುಗ್ಗಿತು. ಲಿಫ್ಟಿನ ಹತ್ತಿರ ಇದ್ದವರು ಮೇಲೆ ಬಂದರು. 71 ಮಂದಿ ಒಳಗೇ ಉಳಿದರು. ಅವರಲ್ಲಿ ಆರು ಜನ ಮುಳುಗಿ ಸತ್ತರು, 65 ಮಂದಿ ನೀರು ಏರದ ಎತ್ತರದ ಜಾಗದಲ್ಲಿ ಸಿಕ್ಕಿಕೊಂಡರು.

ಮೇಲಿನಿಂದ ಹೊಸದಾಗಿ ಒಂದು ಅಗಲವಾದ ಬೋರ್ ಕೊರೆದು, ಒಬ್ಬ ಮನುಷ್ಯ ನಿಂತುಕೊಳ್ಳುವಷ್ಟೇ ಜಾಗವಿರುವ ಉಕ್ಕಿನ ಕೊಳವೆಯನ್ನು ಕ್ರೇನಿನಿಂದ ಇಳಿಸಿ, ಒಬ್ಬೊಬ್ಬರನ್ನೇ ಎಳೆದುಕೊಳ್ಳುವುದು ಗಿಲ್ ಅವರ ಯೋಜನೆ. ಬೋರಿನ ಅಗಲ ಎರಡು ಅಡಿಯೂ ಇರಲಿಲ್ಲ. ನವೆಂಬರ್ 16ರಂದು, ಸುಮಾರು ಆರು ಗಂಟೆಯ ಅವಧಿಯಲ್ಲಿ, 65 ಮಂದಿಯೂ ಮೇಲೆ ಬಂದರು. ಗಿಲ್ ಸ್ವತಃ ಆ ಕೊಳವೆಯಲ್ಲಿ ಕೆಳಗೆ ಇಳಿದಿದ್ದರು; ಕೊನೆಯಲ್ಲಿ ಮೇಲೆ ಬಂದವರು ಅವರೇ. 1991ರಲ್ಲಿ ಅವರಿಗೆ ಸರ್ವೋತ್ತಮ ಜೀವನ ರಕ್ಷಾ ಪದಕ ಸಿಕ್ಕಿತು. 2019ರ ನವೆಂಬರ್‌ನಲ್ಲಿ ತೀರಿಕೊಂಡರು.

ಈ ವಿಧಾನ ಜಗತ್ತಿಗೆ ಹೊಸದಾಗಿರಲಿಲ್ಲ. 1955ರಲ್ಲಿ ಜರ್ಮನಿಯ ಡಾಲ್‌ಬುಶ್ ಗಣಿಯಲ್ಲಿ ಸಿಕ್ಕಿಕೊಂಡ ಮೂವರನ್ನು ಇಂಥದೇ ಕೊಳವೆಯಲ್ಲಿ ಮೇಲೆತ್ತಿದ್ದರು. 1963ರಲ್ಲಿ ಲೆಂಗೆಡೆಯಲ್ಲಿ ಎರಡು ವಾರದ ಬಳಿಕ 11 ಮಂದಿಯನ್ನು ಹೊರತಂದದ್ದೂ ಹಾಗೆಯೇ. ಇದನ್ನು ಹೇಳಿದರೆ ಗಿಲ್ ಸಣ್ಣವರಾಗುವುದಿಲ್ಲ. ಕೈಗೆ ಸಿಕ್ಕ ಉಕ್ಕಿನಿಂದ, ಕೈಗೆ ಸಿಕ್ಕ ರಿಗ್ಗಿನಿಂದ, ಎರಡು ಮೂರು ದಿನಗಳ ಒಳಗೆ ಅದನ್ನು ಮಾಡಿ ತೋರಿಸುವುದು ಬೇರೆಯೇ ವಿದ್ಯೆ.

ಸಿನಿಮಾದ ಬಗ್ಗೆ ನನ್ನ ತಕರಾರು ಅದು ಗಿಲ್ ಅವರನ್ನು ನಾಯಕನನ್ನಾಗಿ ಮಾಡಿತು ಎಂಬುದಲ್ಲ. ಅವರು ನಾಯಕರೇ. ತಕರಾರು ಇರುವುದು ಕಥೆ ಎಲ್ಲಿಂದ ಶುರುವಾಗುತ್ತದೆ ಎಂಬುದರ ಬಗ್ಗೆ. ಟೀನು ಸುರೇಶ್ ದೇಸಾಯಿ ನಿರ್ದೇಶನದ ಈ ಚಿತ್ರದಲ್ಲಿ ಶುರುವಿನಲ್ಲೇ ಗಣಿಗೆ ನೀರು ನುಗ್ಗುತ್ತದೆ. ಅಲ್ಲಿಂದ ಮುಂದೆ ಗಡಿಯಾರದ ಓಟ. ನೀರು ಏರುತ್ತದೆ, ಹೊತ್ತು ಇಳಿಯುತ್ತದೆ. ಇಂಥ ಕಥೆಗೆ ಒಬ್ಬ ಖಳ ಬೇಕು. ನೀರನ್ನು ಖಳ ಮಾಡಲಾಗದು. ಹಾಗಾಗಿ ಅಸೂಯೆಯಿಂದ ಅಡ್ಡಗಾಲು ಹಾಕುವ ಒಬ್ಬ ಅಧಿಕಾರಿ ಬರುತ್ತಾನೆ. ಬೋರ್ ಕೊರೆಯುವವರು, ಅಳತೆ ಬಲ್ಲವರು ಕೂಡ ಚಿತ್ರದಲ್ಲಿ ಇದ್ದಾರೆ. ಆದರೆ ಕಥೆಯ ಭಾರ ಬೀಳುವುದು ಅಕ್ಷಯ್ ಕುಮಾರ್ ಅವರ ನಿಲುವಿನ ಮೇಲೆ, ಅವರನ್ನು ನೋಡುತ್ತಾ ನಿಂತ ಜನಸಮೂಹದ ಮೇಲೆ. ನೀರು ಯಾಕೆ ಬಂತು, ಅದು ಅಲ್ಲಿದೆ ಎಂದು ಯಾರಿಗೆ ಗೊತ್ತಿರಬೇಕಿತ್ತು ಎಂಬ ಪ್ರಶ್ನೆಗಳು ಆ ಓಟದಲ್ಲಿ ಹಿಂದೆ ಬೀಳುತ್ತವೆ.

ಗಣಿ ಎಂಜಿನಿಯರ್ ಒಬ್ಬರ ಬದುಕನ್ನು ಕುರಿತ ಕೃತಿಯಲ್ಲಿ ಹೀಗಾಗುವುದು ಸಣ್ಣ ಲೋಪವಲ್ಲ. ಯಾಕೆಂದರೆ ಗಣಿ ಎಂಜಿನಿಯರಿಂಗ್ ಎಂಬುದೇ ಬಹುಮಟ್ಟಿಗೆ ಆ ಪ್ರಶ್ನೆಯ ಶಾಸ್ತ್ರ. ನೆಲದಡಿಯ ಪದರಗಳು ಎಲ್ಲಿ ಬಾಗಿವೆ, ಹಳೆಯ ಕೆಲಸದ ಸುರಂಗಗಳು ಎಲ್ಲಿಯವರೆಗೆ ಹೋಗಿವೆ, ಅವುಗಳಲ್ಲಿ ಎಷ್ಟು ನೀರು ನಿಂತಿದೆ, ಅದಕ್ಕೂ ಈಗಿನ ಕೆಲಸಕ್ಕೂ ನಡುವೆ ಎಷ್ಟು ದಪ್ಪದ ಗೋಡೆ ಬಿಡಬೇಕು, ಇವೆಲ್ಲ ನಕ್ಷೆಯ ಮೇಲೆ ಇರಬೇಕಾದ ಸಂಗತಿಗಳು. ಅಪಘಾತವಾದ ಮೇಲೆ ಬೋರ್ ಎಲ್ಲಿ ಕೊರೆಯಬೇಕು ಎಂದು ಹೇಳುವುದೂ ಅದೇ ನಕ್ಷೆ. ನಮ್ಮ ಹೊಲಗಳಲ್ಲಿ ನೀರಿಗಾಗಿ ಬೋರ್ ಕೊರೆಸಿದರೆ ಹತ್ತು ಅಡಿ ಆಚೀಚೆ ಆದರೂ ಅದೃಷ್ಟದ ಮಾತು. ಇಲ್ಲಿ ಹತ್ತು ಅಡಿ ತಪ್ಪಿದರೆ ಬೋರ್ ಹೋಗಿ ತಾಕುವುದು ಕಲ್ಲಿದ್ದಲಿನ ಕಂಬವನ್ನು.

ಎರಡು ಘಟನೆಗಳು ಇದನ್ನು ಇನ್ನಷ್ಟು ಸ್ಪಷ್ಟ ಮಾಡುತ್ತವೆ. 2002ರ ಜುಲೈನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಕ್ವೀಕ್ರೀಕ್ ಗಣಿಯಲ್ಲಿ ಒಂಬತ್ತು ಮಂದಿ ಸಿಕ್ಕಿಕೊಂಡರು. ಪಕ್ಕದ ಪಾಳುಗಣಿಯಲ್ಲಿ ತುಂಬಿದ್ದ ನೀರು ಒಡೆದು ಬಂದಿತ್ತು. ಆ ಪಾಳುಗಣಿ ಎಲ್ಲಿಯವರೆಗೆ ಹರಡಿತ್ತೋ ಅದನ್ನು ಪೂರ್ತಿ ತೋರಿಸದ ಹಳೆಯ ನಕ್ಷೆಯನ್ನು ನಂಬಿ ಕೆಲಸ ನಡೆದಿತ್ತು. ತಮ್ಮದೇ ಗಣಿಯ ನಕ್ಷೆ ಸರಿಯಿದ್ದುದರಿಂದ ಬೋರ್ ಸರಿಯಾದ ಜಾಗಕ್ಕೆ ಇಳಿಯಿತು. ಒಂಬತ್ತೂ ಜನ ಕ್ಯಾಪ್ಸೂಲಿನಲ್ಲೇ ಮೇಲೆ ಬಂದರು. ಒಂದು ನಕ್ಷೆ ಅವರನ್ನು ಸಿಕ್ಕಿಸಿತು, ಇನ್ನೊಂದು ಬಿಡಿಸಿತು. 2018ರ ಡಿಸೆಂಬರ್‌ನಲ್ಲಿ ಮೇಘಾಲಯದ ಕ್ಸಾನ್‌ನಲ್ಲಿ ಇಲಿಬಿಲದಂಥ ಅಕ್ರಮ ಗಣಿಯೊಂದಕ್ಕೆ ನೀರು ನುಗ್ಗಿ 15 ಮಂದಿ ಒಳಗುಳಿದರು. ನೌಕಾಪಡೆಯ ಮುಳುಗುಗಾರರು ಬಂದರು, ದೊಡ್ಡ ಪಂಪುಗಳು ಬಂದವು. ಗಣಿಗೆ ನಕ್ಷೆಯೇ ಇಲ್ಲ ಎಂಬ ಮಾತು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಒಬ್ಬರೂ ಜೀವಂತ ಹೊರಬರಲಿಲ್ಲ. ಅಲ್ಲಿ ಗಿಲ್ ಅವರಂಥ ಧೈರ್ಯಸ್ಥರು ಇದ್ದಿದ್ದರೂ ಕೊಳವೆಯನ್ನು ಎಲ್ಲಿ ಇಳಿಸುತ್ತಿದ್ದರು?

ಇದೇ ಪ್ರಶ್ನೆಯನ್ನು ಹಿಡಿದು ಹಿಂದಕ್ಕೆ ಹೋದರೆ ಯಶ್ ಚೋಪ್ರಾ ಅವರ ‘ಕಾಲಾ ಪತ್ಥರ್’ ಸಿಗುತ್ತದೆ. 1979ರ ಈ ಚಿತ್ರದ ಹಿಂದೆ ಇದ್ದದ್ದು ಧನಬಾದ್ ಬಳಿಯ ಚಾಸ್ನಾಲಾ ದುರಂತ. 1975ರ ಡಿಸೆಂಬರ್ 27ರಂದು ಅಲ್ಲಿ 375 ಮಂದಿ ಸತ್ತರು. ‘ಕಾಲಾ ಪತ್ಥರ್’ ಕಥೆಯನ್ನು ಬೇಗನೆ ಶುರು ಮಾಡುತ್ತದೆ. ನೀರು ಒಡೆಯುವುದು ಕೊನೆಯ ಭಾಗದಲ್ಲಿ. ಅದಕ್ಕೂ ಮೊದಲೇ ಶಶಿ ಕಪೂರ್ ಪಾತ್ರವಾದ ಎಂಜಿನಿಯರ್ ಈ ಸುರಂಗದಲ್ಲಿ ಮುಂದೆ ಹೋದರೆ ನೀರು ಬರುತ್ತದೆ ಎಂದು ಎಚ್ಚರಿಸುತ್ತಾನೆ, ಲಾಭಕ್ಕೆ ಬಿದ್ದ ಮಾಲೀಕ ಕಿವಿಗೊಡುವುದಿಲ್ಲ. ಎಂಜಿನಿಯರನ ಜಾಗವನ್ನು ಸಲೀಂ-ಜಾವೇದ್ ಸರಿಯಾಗಿ ಗುರುತಿಸಿದ್ದರು: ಅವನ ಮೊದಲ ಕೆಲಸ ಎಚ್ಚರಿಕೆ, ರಕ್ಷಣೆ ಆಮೇಲಿನದು.

ಆದರೆ ಆ ಚಿತ್ರವೂ ಒಂದು ಸುಲಭದ ದಾರಿ ಹಿಡಿಯಿತು. ಚಾಸ್ನಾಲಾ ಗಣಿ ಇಂಡಿಯನ್ ಐರನ್ ಅಂಡ್ ಸ್ಟೀಲ್ ಕಂಪನಿಯದು. 1972ರಲ್ಲೇ ಆ ಕಂಪನಿಯ ಆಡಳಿತವನ್ನು ಸರ್ಕಾರ ಕೈಗೆ ತೆಗೆದುಕೊಂಡಿತ್ತು. ಸಿನಿಮಾದಲ್ಲಿ ಅದು ಒಬ್ಬ ದುರಾಸೆಯ ಸಾಹುಕಾರನ ಖಾಸಗಿ ಗಣಿಯಾಯಿತು. ಆ ಸಾಹುಕಾರ ಮತ್ತು ರಾಣಿಗಂಜಿನ ಅಸೂಯೆಯ ಅಧಿಕಾರಿ, ಇಬ್ಬರೂ ಒಂದೇ ಅನುಕೂಲಕ್ಕೆ ಹುಟ್ಟಿದವರು. ಸಂಸ್ಥೆಯೊಂದು ದಿನದಿನವೂ ಮಾಡುವ ಸಣ್ಣ ಅಲಕ್ಷ್ಯಗಳಿಗೆ ಮುಖವಿಲ್ಲ. ಮುಖವಿಲ್ಲದ್ದನ್ನು ತೋರಿಸಲು ಜನಪ್ರಿಯ ಸಿನಿಮಾಕ್ಕೆ ಕಷ್ಟ.

‘ಕಾಲಾ ಪತ್ಥರ್’ನಲ್ಲಿ ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಅಮಿತಾಭ್ ಬಚ್ಚನ್ ಪಾತ್ರ ಒಬ್ಬ ಹಡಗಿನ ಕ್ಯಾಪ್ಟನ್‌ನದು. ಮುಳುಗುತ್ತಿದೆ ಎಂದುಕೊಂಡ ಹಡಗಿನಲ್ಲಿ ಪ್ರಯಾಣಿಕರನ್ನು ಬಿಟ್ಟು ಬಂದವನು. ಆ ನಾಚಿಕೆಯನ್ನು ತೊಳೆದುಕೊಳ್ಳಲು ಗಣಿಗೆ ಇಳಿದವನು. ಹತ್ತು ವರ್ಷದ ಬಳಿಕ ಮಹಾಬೀರ್‌ನಲ್ಲಿ ಗಿಲ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ಬಿಟ್ಟು ಬರುವುದಿರಲಿ, ಹೊರಗಿದ್ದವರು ಒಳಗೆ ಹೋದರು. ಆದರೆ ಅವರು ಇಳಿದದ್ದನ್ನು ಬರಿಯ ತ್ಯಾಗವೆಂದು ಓದಿದರೆ ಅರ್ಧ ಮಾತ್ರ ಓದಿದಂತೆ. ಲೆಕ್ಕ ಹಾಕಿ ನೋಡಿ: ಆರು ಗಂಟೆಯಲ್ಲಿ 65 ಮಂದಿ ಎಂದರೆ ಒಬ್ಬರಿಗೆ ಐದೂವರೆ ನಿಮಿಷ. ಕೊಳವೆ ಇಳಿಯಬೇಕು, ಬಾಗಿಲು ತೆರೆಯಬೇಕು, ಮೂರು ದಿನ ಕತ್ತಲಲ್ಲಿ ಕಳೆದ ಒಬ್ಬನನ್ನು ನಿಲ್ಲಿಸಬೇಕು, ಬಾಗಿಲು ಹಾಕಿ ಸನ್ನೆ ಕೊಡಬೇಕು. ಕೆಳಗೆ ನೂಕುನುಗ್ಗಲಾಗಿ ಒಮ್ಮೆ ಕೊಳವೆ ಸಿಕ್ಕಿಕೊಂಡರೂ ಉಳಿದವರ ಕತೆ ಮುಗಿಯಿತು. ಮೊದಲು ಯಾರು, ಆಮೇಲೆ ಯಾರು ಎಂದು ಹೇಳಲು, ಹೇಳಿದ ಮಾತು ನಡೆಯುವಂತೆ ನೋಡಿಕೊಳ್ಳಲು, ಎಲ್ಲರಿಗಿಂತ ಕೊನೆಗೆ ಹೋಗುವವನೊಬ್ಬ ಅಲ್ಲಿ ಇರಬೇಕಿತ್ತು. ಕೊನೆಗೆ ಹೋಗುತ್ತೇನೆ ಎನ್ನುವವನ ಮಾತನ್ನು ಮಾತ್ರ ಸಾಲಿನಲ್ಲಿ ನಿಂತವರು ನಂಬುತ್ತಾರೆ.

ಗಣಿಯ ಬಗೆಗಿನ ಕಾದಂಬರಿಗಳಲ್ಲಿ ಹಳೆಯದೂ ದೊಡ್ಡದೂ ಆದ ಎಮಿಲ್ ಜೋಲಾನ ‘ಜರ್ಮಿನಲ್’ (1885) ಈ ಸಾಲನ್ನು ಇನ್ನೊಂದು ಕಡೆಯಿಂದ ನೋಡುತ್ತದೆ. ಅದರಲ್ಲಿ ನೆಗ್ರೆಲ್ ಎಂಬ ಎಂಜಿನಿಯರ್ ಇದ್ದಾನೆ. ಮ್ಯಾನೇಜರನ ಸೋದರಳಿಯ, ಮಾಲೀಕರ ಪಕ್ಷದವನು, ಕಾರ್ಮಿಕರಿಗೆ ದಂಡ ಹಾಕುವವನು. ಗಣಿ ಕುಸಿದು ನೀರು ತುಂಬಿದಾಗ ಅಪಾಯಕ್ಕೆ ಅಂಜದೆ ಒಳಗಿಳಿದು, ಇದು ಮನುಷ್ಯರೇ ಮಾಡಿದ ಹಾನಿ ಎಂದು ಕಣ್ಣಾರೆ ಕಂಡುಬರುವವನೂ ಅವನೇ. ಕೊನೆಗೆ ರಕ್ಷಣೆಯ ಮುಂದಾಳುವಾಗಿ, ಮುಷ್ಕರದ ನಾಯಕ ಎತಿಯೆನ್‌ನನ್ನು ತಲುಪಿದಾಗ ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ. ಆ ಅಪ್ಪುಗೆ ನಿಜ. ಆದರೆ ಜೋಲಾ ಅಲ್ಲಿಗೆ ಕಾದಂಬರಿ ಮುಗಿಸುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ಕಾರ್ಮಿಕರು ಮತ್ತೆ ಗಣಿಗೆ ಇಳಿಯುತ್ತಾರೆ, ಕೂಲಿಯ ಪ್ರಶ್ನೆ ಹಾಗೆಯೇ ಇರುತ್ತದೆ. ರಕ್ಷಣೆ ಒಂದು ಘಟನೆ, ಗಣಿ ಒಂದು ವ್ಯವಸ್ಥೆ ಎಂಬ ಈ ತಿಳಿವನ್ನು ನಮ್ಮ ಸಿನಿಮಾ ಇನ್ನೂ ಪಡೆದಿಲ್ಲ.

ಕೆಳಗಿದ್ದವರ ಕಡೆಯಿಂದ ಬರೆದ ಕೃತಿಯೂ ನಮ್ಮ ಕಾಲದಲ್ಲೇ ಬಂದಿದೆ. 2010ರಲ್ಲಿ ಚಿಲಿಯ ಸಾನ್ ಹೋಸೆ ಗಣಿಯಲ್ಲಿ 69 ದಿನ ಸಿಕ್ಕಿಕೊಂಡಿದ್ದ 33 ಮಂದಿ, ತಮ್ಮ ಕಥೆಯನ್ನು ಒಟ್ಟಾಗಿಯೇ ಹೇಳಬೇಕು, ಬಂದ ಹಣ ಎಲ್ಲರಿಗೂ ಸೇರಬೇಕು ಎಂದು ಒಪ್ಪಂದ ಮಾಡಿಕೊಂಡರು. ಎಕ್ತೋರ್ ತೋಬಾರ್ ಅವರ ‘ಡೀಪ್ ಡೌನ್ ಡಾರ್ಕ್’ ಹಾಗೆ ಹುಟ್ಟಿದ ಪುಸ್ತಕ. ಅದರಲ್ಲಿ ಹಸಿವಿದೆ, ಜಗಳವಿದೆ, ಊಟ ಹಂಚಿಕೊಳ್ಳುವಾಗಿನ ಅನುಮಾನವಿದೆ. ಓದಿದ ಮೇಲೆ 33 ಎಂಬುದು ಸಂಖ್ಯೆಯಾಗಿ ಉಳಿಯುವುದಿಲ್ಲ. ರಾಣಿಗಂಜಿನ 65 ಮಂದಿಗೆ ಇಂಥ ಪುಸ್ತಕದ ಭಾಗ್ಯ ಸಿಕ್ಕಿಲ್ಲ.

ಕನ್ನಡದ ಓದುಗರಿಗೆ ಇದು ದೂರದ ಮಾತಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಜನ ದುಡಿದಿದ್ದಾರೆ. ಅಲ್ಲಿನ ಭಯ ಬಂಡೆ ಸಿಡಿತದ್ದು. ಅದನ್ನು ಅರಿಯಲು ಕಂಪನ ಮಾಪಕಗಳನ್ನು ಇಟ್ಟು ವರ್ಷಗಟ್ಟಲೆ ದಾಖಲೆ ಬರೆದವರಿದ್ದಾರೆ; ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ 1988ರಲ್ಲಿ ಹುಟ್ಟಿದ್ದೂ ಅಲ್ಲಿಯೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ಊರಿನ ಹೆಸರು ದೇಶಕ್ಕೆಲ್ಲ ಮತ್ತೆ ಕೇಳಿಸಿದ್ದು 2018ರ ‘ಕೆ.ಜಿ.ಎಫ್’ ಚಿತ್ರದಿಂದ. ಅದರಲ್ಲೂ ಹೊರಗಿನಿಂದ ಬಂದು ಬಿಡಿಸುವ ಒಬ್ಬ ವೀರನಿದ್ದಾನೆ, ಕಾಯುವ ಗುಂಪಿದೆ. ಕಂಪನ ಮಾಪಕದ ಮುಂದೆ ಕೂತವನು ಇಲ್ಲ.

ಕೊಳವೆಬಾವಿಗೆ ಮಗು ಬಿದ್ದಾಗ ನಮ್ಮ ಟಿ.ವಿ. ವಾಹಿನಿಗಳು ಹೇಳುವ ಕಥೆಯೂ ಇದೇ ಅಚ್ಚಿನದು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಮಗುವೊಂದು ಬದುಕಿ ಬಂದಾಗ ನಾವೆಲ್ಲ ಸಂತೋಷಪಟ್ಟೆವು, ಪಡಬೇಕಾದದ್ದೇ. ಆದರೆ ತೆರೆದ ಬಾವಿಗಳನ್ನು ಮುಚ್ಚಬೇಕು, ಅದಕ್ಕೆ ಇಂಥಿಂಥವರು ಹೊಣೆ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ನಿಯಮ ಹೇಳಿತ್ತು. ಬಾಯಿ ಮುಚ್ಚಿದ ಬಾವಿಯನ್ನು ನೇರ ಪ್ರಸಾರ ಮಾಡಲು ಬರುವುದಿಲ್ಲ.

ಕೋಲ್ ಇಂಡಿಯಾ ಗಿಲ್ ಅವರ ನೆನಪಿಗೆ ನವೆಂಬರ್ 16ನ್ನು ರಕ್ಷಣಾ ದಿನವೆಂದು ಆಚರಿಸುತ್ತದೆ. ಒಳ್ಳೆಯದೇ. ಮುಂದೆ ಯಾರಾದರೂ ಕನ್ನಡದಲ್ಲಿ ಗಿಲ್ ಅವರ ಜೀವನಚರಿತ್ರೆ ಬರೆಯಲು ಹೊರಟರೆ ಅವರಲ್ಲಿ ನನ್ನದೊಂದು ಕೋರಿಕೆ ಇದೆ. ಅದನ್ನು ನವೆಂಬರ್ 12ರಿಂದ ಶುರು ಮಾಡಿ. ಅಂದು ಗಣಿಯ ನಕ್ಷೆ ಯಾರ ಮೇಜಿನ ಮೇಲಿತ್ತು, ಅದರಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ಹುಡುಕಿ. ಕ್ಯಾಪ್ಸೂಲ್ ತಾನಾಗಿಯೇ ಆಮೇಲಿನ ಅಧ್ಯಾಯದಲ್ಲಿ ಬರುತ್ತದೆ, 65 ಮಂದಿ ಮೇಲೆ ಬರುತ್ತಾರೆ. ಆ ಪುಸ್ತಕದಲ್ಲಿ ಸತ್ತ ಆರು ಮಂದಿಗೂ ಒಂದು ಅಧ್ಯಾಯ ಇರಲಿ.