ಜೊಂಡಿನಂಚಿನ ದೇವನಕ್ಕಿ

ಒಮಾನಿನ ದಕ್ಷಿಣದಲ್ಲಿರುವ ಸಲಾಲಾ ನಗರಕ್ಕೆ ಮಸ್ಕತ್ತಿನ ಕಡೆಯಿಂದ ಜನ ಮುಗಿಬೀಳುವುದು ‘ಖರೀಫ್’ ಎಂದು ಕರೆಯಲಾಗುವ ಮಳೆಗಾಲದಲ್ಲಿ, ಅಂದರೆ ಕರ್ನಾಟಕವನ್ನು ತೋಯಿಸುವ ಅದೇ ನೈಋತ್ಯ ಮಾರುತವು ಧೋಫಾರ್ ಬೆಟ್ಟಗಳ ಮೇಲೆ ಮಂಜಾಗಿ, ಜಿಟಿಜಿಟಿ ಮಳೆಯಾಗಿ ಇಳಿಯುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಗಳಲ್ಲಿ. ಹಸಿರು ನೋಡಲು ಅದು ತಕ್ಕ ಕಾಲ, ಹಕ್ಕಿ ನೋಡಲು ಅಲ್ಲ; ಉತ್ತರದ ಚಳಿಗೆ ಬೆನ್ನು ಹಾಕಿ ಬರುವ ವಲಸೆ ಹಕ್ಕಿಗಳು ಇಲ್ಲಿ ನೆಲೆಯೂರುವ ಹೊತ್ತಿಗೆ ಖರೀಫಿನ ಜಾತ್ರೆ ಚದುರಿ ಹೋಗಿರುತ್ತದೆ.

ಅವು ಇಳಿಯುವುದು ‘ಖೋರ್’ಗಳಲ್ಲಿ. ಬೆಟ್ಟದ ನೀರು ಕಡಲು ಸೇರುವೆಡೆ ಅಲೆಗಳು ಮರಳು ಪೇರಿಸಿ ಬಾಯಿ ಕಟ್ಟಿದಾಗ ಒಳಗೆ ನಿಲ್ಲುವ ಹಿನ್ನೀರಿಗೆ ಈ ಹೆಸರು. ಕಡಲ ಮಗ್ಗುಲಲ್ಲಿ ನೀರು ಉಪ್ಪಾದರೆ ಒಳಮಗ್ಗುಲಲ್ಲಿ ಬೆಟ್ಟದ ಒರತೆಯಿಂದಾಗಿ ಸಿಹಿ. ಆಳೆತ್ತರದ ಜೊಂಡು ದಟ್ಟೈಸುವುದು ಈ ಸಿಹಿಯ ಕಡೆಗೇ. ಇಂಥ ಹಲವು ಖೋರ್‌ಗಳನ್ನು 1997ರಲ್ಲಿ ರಾಜಾಜ್ಞೆಯ ಮೂಲಕ ಸಂರಕ್ಷಿತ ತಾಣಗಳೆಂದು ಘೋಷಿಸಲಾಯಿತು. ಅವುಗಳಲ್ಲೊಂದಾದ ಖೋರ್ ರೋರಿಯ ದಂಡೆಯಲ್ಲಿ ಸಾಂಬ್ರಾಣಿ ವ್ಯಾಪಾರದ ಪ್ರಾಚೀನ ಬಂದರು ಸುಮ್‌ಹುರಮ್‌ನ ಅವಶೇಷಗಳಿವೆ. ಮರಳು ಬಾಯಿ ಮುಚ್ಚಿ ಹಡಗುಗಳ ದಾರಿ ತಪ್ಪಿಸಿತಾದರೂ ಹಕ್ಕಿಗಳಿಗೆ ನೀರು ಉಳಿಸಿಕೊಟ್ಟಿತು.

ಕನ್ನಡನಾಡಿನ ಕೆರೆಗಳನ್ನು ಬಲ್ಲವರಿಗೆ ಇಲ್ಲಿ ಚಳಿಗಾಲದಲ್ಲಿ ಸಿಗುವ ಉದ್ದಬಾಲದ ದೇವನಕ್ಕಿ ಹಳೆಯ ಪರಿಚಯವೇ, ಆದರೂ ಮೊದಲ ನೋಟಕ್ಕೆ ಗುರುತು ಹತ್ತುವುದಿಲ್ಲ. ಮಳೆಗಾಲದ ಮರಿ ಮಾಡುವ ಹೊತ್ತಿನಲ್ಲಿ ಅದಕ್ಕಿರುವ ಬಾಗಿದ ನೀಳ ಬಾಲವಾಗಲಿ, ಹೊಟ್ಟೆಯ ಗಾಢ ಕಂದುಬಣ್ಣವಾಗಲಿ ಈಗ ಇರುವುದಿಲ್ಲ. ಬೆನ್ನು ಮಾಸಲು, ಹೊಟ್ಟೆ ಬಿಳಿ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಅಷ್ಟೆ. ಮೈಭಾರವನ್ನು ಹರಡಿ ಹೊರುವ ಉದ್ದ ಬೆರಳುಗಳನ್ನು ತೇಲುವ ಸಸ್ಯಗಳ ಮೇಲೆ ಒಂದೊಂದಾಗಿ ಊರುತ್ತ, ಎಲೆ ಮಗುಚಿ ಹುಳು ಹೆಕ್ಕುತ್ತ ಅದು ಜೊಂಡಿನ ನೆರಳಿನಲ್ಲೇ ಕಾಲ ಕಳೆಯುತ್ತದೆ. ಬೆಚ್ಚಿ ಹಾರಿದ ಕ್ಷಣದಲ್ಲಿ ಮಾತ್ರ ಬಿಚ್ಚಿಕೊಳ್ಳುವ ಅಚ್ಚ ಬಿಳಿಯ ರೆಕ್ಕೆಗಳು ಎಲ್ಲ ಅನುಮಾನವನ್ನೂ ಕಳೆಯುತ್ತವೆ.

ನಡುನೀರಿನ ರಾಜಹಂಸಗಳನ್ನೂ ಮೆಟ್ಟುಗಾಲು ಹಕ್ಕಿಗಳನ್ನೂ ಯಾರು ಬೇಕಾದರೂ ನೋಡಬಹುದು. ಖೋರಿನ ನಿಜವಾದ ಸೊಗಸು ಇರುವುದು ಜೊಂಡು ಮುಗಿದು ಕೆಸರು ತೊಡಗುವ ಗೇಣಗಲದ ಅಂಚಿನಲ್ಲಿ. ಸಲಾಲಾಕ್ಕೆ ಟಿಕೆಟ್ ತೆಗೆಸುವ ಗಲ್ಫ್ ಕನ್ನಡಿಗರು ಒಮ್ಮೆಯಾದರೂ ಜುಲೈ ಬಿಟ್ಟು ಜನವರಿಯನ್ನು ಆರಿಸಿಕೊಳ್ಳಲಿ, ಬೈನಾಕ್ಯುಲರನ್ನು ಆ ಅಂಚಿನತ್ತ ಹಿಡಿದು ಅರ್ಧ ಗಂಟೆ ಅಲುಗಾಡದೆ ಕೂರಲಿ.